ಕ್ರೈಸ್ತಮತವೂ ನವವಿಜ್ಞಾನವೂ

ಮತಕ್ಕೂ ವಿಜ್ಞಾನಕ್ಕೂ ಎಣ್ಣೆ-ಸೀಗೆಕಾಯಿಯ ಸಂಬಂಧವೆಂಬ ಮಾತು ಲೋಕದಲ್ಲಿ ರೂಢವಾಗಿದೆ. ಅದಕ್ಕೆ ನಿದರ್ಶನವಾಗಿ ಗೆಲಿಲಿಯೊವಿನ ವೃತ್ತಾಂತವನ್ನು ಹೇಳುವುದುಂಟು. ಭೂಮಿಯೇ ಸೂರ್ಯನನ್ನು ಸುತ್ತುತ್ತದೆಂಬ ಮತವನ್ನು ಎತ್ತಿಹಿಡಿದುದಕ್ಕಾಗಿ 1633ರಲ್ಲಿ ರೋಮಿನ ಧರ್ಮವಿಚಾರಣಾ ಸಭೆಯು ಆತನನ್ನು ದಂಡನೆಗೆ ಗುರಿಪಡಿಸಿತು. ಜೀವಿತದ ಉಳಿದ ಕಾಲವನ್ನು ಆತನು ಗೃಹಬಂಧನದಲ್ಲಿಯೇ ಕಳೆದನು. ಇದು ಸತ್ಯ, ಆದರೆ ಪೂರ್ಣಸತ್ಯವಲ್ಲ. ಆ ಮತವನ್ನು 1543ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ ಕೊಪರ್ನಿಕಸನು ಚರ್ಚಿನ ಆಡಳಿತದಲ್ಲಿಯೇ ಇದ್ದವನು. ಗ್ರಹಗಳ ಪಥವನ್ನು ನಿರ್ಣಯಿಸಿದ ಕೆಪ್ಲರನು ಕ್ರೈಸ್ತ ದೇವತಾಶಾಸ್ತ್ರವನ್ನು ವ್ಯಾಸಂಗಮಾಡಿದವನು. ಸೃಷ್ಟಿಯು ನಿಯಮಬದ್ಧವೆಂಬ ಶ್ರದ್ಧೆಯೇ ಆತನ ಗಣಿತಕ್ಕೆ ಪ್ರೇರಕವಾಯಿತು.

ಈ ಎರಡು ಮುಖಗಳನ್ನು ಕಾಣಲು ಬಹುದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಕೋರಮಂಗಲದಲ್ಲಿ ಭಾರತೀಯ ಖಗೋಳಭೌತ ವಿಜ್ಞಾನ ಸಂಸ್ಥೆಯಿದೆ. ಅದರ ಅಂಗವಾದ ಕೊಡೈಕೆನಾಲ್ ಸೌರ ವೀಕ್ಷಣಾಲಯವು 1899ರಲ್ಲಿ ಚಾರ್ಲ್ಸ್ ಮಿಚಿ ಸ್ಮಿತ್ ಅವರ ನೇತೃತ್ವದಲ್ಲಿ ನೆಲೆಗೊಂಡಿತು. ಅವರು ಸ್ಕಾಟ್ಲೆಂಡಿನ ಪಾದ್ರಿಯೊಬ್ಬರ ಪುತ್ರರು. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದವರು. 1909ರಲ್ಲಿ ಜಾನ್ ಎವರ್‌ಶೆಡ್ ಅವರು ಸೂರ್ಯಕಲೆಗಳಲ್ಲಿ ಅನಿಲವು ಹೊರಮುಖವಾಗಿ ಹರಿಯುವುದನ್ನು ಕಂಡುಹಿಡಿದದ್ದು ಇದೇ ವೀಕ್ಷಣಾಲಯದಲ್ಲಿ.

ಮಿಚಿ ಸ್ಮಿತ್ ಅವರ ಅಗ್ರಜ ವಿಲಿಯಂ ರಾಬರ್ಟ್‌ಸನ್ ಸ್ಮಿತ್ ಅವರ ಕಥೆಯು ಬೇರೆ. ಅವರು ಅಬರ್ಡೀನಿನ ಚರ್ಚ್ ವಿದ್ಯಾಲಯದಲ್ಲಿ ಹೀಬ್ರೂ ಭಾಷೆಯ ಪ್ರಾಧ್ಯಾಪಕರು. ಬೈಬಲಿನ ಭಾಗಗಳು ಯಾವ ಕಾಲದಲ್ಲಿ, ಹೇಗೆ ರಚಿತವಾದವೆಂದು ಇತಿಹಾಸದೃಷ್ಟಿಯಿಂದ ವಿಮರ್ಶಿಸಿದುದಕ್ಕಾಗಿ ಅವರ ಚರ್ಚೇ 1881ರಲ್ಲಿ ಅವರನ್ನು ಪೀಠದಿಂದ ತೆಗೆದುಹಾಕಿತು. ಒಂದೇ ಮನೆ, ಒಂದೇ ಮತ. ಸೂರ್ಯನನ್ನು ಪರೀಕ್ಷಿಸಿದ ತಮ್ಮನಿಗೆ ಅಡ್ಡಿಯಾಗಲಿಲ್ಲ; ಶಾಸ್ತ್ರವನ್ನು ಪರೀಕ್ಷಿಸಿದ ಅಣ್ಣನಿಗೆ ಸ್ಥಾನವುಳಿಯಲಿಲ್ಲ.

ಆದಕಾರಣ ವೈರವು ಶ್ರದ್ಧೆಗೂ ವಿಜ್ಞಾನಕ್ಕೂ ಅಲ್ಲ. ಪ್ರಶ್ನೆಗೂ ಅದನ್ನು ಸಹಿಸದ ಅಧಿಕಾರಕ್ಕೂ ಎಂದು ತಿಳಿಯತಕ್ಕದ್ದು. ಮತವು ಪಾಠಶಾಲೆಯನ್ನು ಕಟ್ಟಿದಾಗ ವಿಜ್ಞಾನಕ್ಕೆ ತಾಯಿಯಾಯಿತು. ತನ್ನ ಮಾತೇ ಕೊನೆಯದೆಂದಾಗ ಮಲತಾಯಿಯಾಯಿತು. ಗೆಲಿಲಿಯೊವಿನ ವಿಷಯದಲ್ಲಿ ತಪ್ಪಾಯಿತೆಂದು ಪೋಪ್ ಎರಡನೆಯ ಜಾನ್ ಪಾಲ್ ಅವರು ಒಪ್ಪಿಕೊಂಡದ್ದು 1992ರಲ್ಲಿ, ಮೂರೂವರೆ ಶತಮಾನಗಳ ತರುವಾಯ.

ಪಟ್ಟಂದೂರು ಅಗ್ರಹಾರಕ್ಕೆ ಸಮೀಪದ ಹೊಸಕೋಟೆಯಲ್ಲಿ ಅದೇ ಖಗೋಳಭೌತ ಸಂಸ್ಥೆಯ ಕೇಂದ್ರವೊಂದಿದೆ. ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರ್ ವ್ಯಾಸದ ದೂರದರ್ಶಕವನ್ನು ಅಲ್ಲಿ ಕುಳಿತೇ ನಡೆಸುತ್ತಾರೆ. ಆ ದಾರಿಯಲ್ಲಿ ಸಾಗುವ ವಿದ್ಯಾರ್ಥಿಗಳು ಆ ಇಬ್ಬರು ಸಹೋದರರನ್ನೂ ನೆನೆಯಲಿ. ಮಠಮಾನ್ಯಗಳು ನಡೆಸುವ ಶಾಲೆಗಳಿಗೂ ಈ ಇತಿಹಾಸವು ದಾರಿದೀಪ: ಮಗುವಿನ ಪ್ರಶ್ನೆಗೆ ಎಡೆಯಿರುವಲ್ಲಿ ಮಾತ್ರವೇ ವಿದ್ಯೆಗೆ ನೆಲೆಯುಂಟು.