ಉಗುರಿನ ಚುಕ್ಕೆ ಬಿಡಿ, ಆಕಾರ ನೋಡಿ

ಉಗುರಲ್ಲಿ ಬಿಳಿ ಚುಕ್ಕೆ ಕಂಡರೆ ಸಾಕು, ಬೆಂಗಳೂರಿನ ಜಯನಗರದ ಮೆಡಿಕಲ್ ಶಾಪಿನಲ್ಲಿ ಕ್ಯಾಲ್ಸಿಯಂ ಮಾತ್ರೆ ಕೇಳುತ್ತೇವೆ. ಸಾಮಾನ್ಯವಾಗಿ ಆ ಚುಕ್ಕೆ ಉಗುರಿನ ಬುಡಕ್ಕೆ ಬಿದ್ದ ಸಣ್ಣ ಪೆಟ್ಟಿನ ಗುರುತು. ಉದ್ದುದ್ದ ಗೆರೆ ವಯಸ್ಸಿನದು. ಶ್ವಾಸಕೋಶದ ಸುದ್ದಿ ಹೇಳುವುದು ಉಗುರಿನ ಆಕಾರ. ಅದನ್ನು ಮಾತ್ರ ಯಾರೂ ಗಮನಿಸುವುದಿಲ್ಲ.

‘ಬೆರಳ ತುದಿ ದಪ್ಪಗಾಗಿದೆ, ನೋವಿಲ್ಲವಲ್ಲ, ಬಿಡಿ.’ ನೋವಿಲ್ಲದ್ದರಿಂದಲೇ ವರ್ಷಗಟ್ಟಲೆ ತಿಳಿಯದೆ ಹೋಗುತ್ತದೆ. ತುದಿ ಉಬ್ಬಿ, ಉಗುರು ಗಿಳಿಯ ಕೊಕ್ಕಿನಂತೆ ಬಾಗುವುದಕ್ಕೆ ವೈದ್ಯರು ಕ್ಲಬ್ಬಿಂಗ್ ಎನ್ನುತ್ತಾರೆ. ಎರಡೂ ತೋರುಬೆರಳುಗಳ ಉಗುರನ್ನು ಎದುರುಬದುರು ತಾಗಿಸಿ ಬೆಳಕಿಗೆ ಹಿಡಿಯಿರಿ. ಬುಡದಲ್ಲಿ ವಜ್ರಾಕಾರದ ಪುಟ್ಟ ಕಿಂಡಿ ಕಾಣಬೇಕು. ಕಾಣದಿದ್ದರೆ ವೈದ್ಯರಿಗೆ ತೋರಿಸಿ. ದಕ್ಷಿಣ ಆಫ್ರಿಕಾದ ಹೃದ್ರೋಗ ತಜ್ಞ ಲಿಯೊ ಶಾಮ್ರೋತ್ ಈ ಪರೀಕ್ಷೆಯನ್ನು ಕಂಡುಕೊಂಡಿದ್ದು ಹೃದಯದ ಸೋಂಕಿಗೆ ತಾನೇ ತುತ್ತಾದಾಗ, ತನ್ನದೇ ಬೆರಳುಗಳಲ್ಲಿ, ಬರೆದದ್ದು 1976ರಲ್ಲಿ.

‘ಅಷ್ಟು ವರ್ಷ ಬೀಡಿ ಸೇದಿದ್ದಾರೆ, ಸಿಒಪಿಡಿ ಇದೆ, ಬೆರಳು ಹಾಗಾಗದೆ ಇನ್ನೇನು?’ ಇದು ಎಲ್ಲಕ್ಕಿಂತ ಅಪಾಯದ ನಂಬಿಕೆ. ಬರೀ ಸಿಒಪಿಡಿಯಿಂದ, ಅಂದರೆ ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆಯಿಂದ, ಕ್ಲಬ್ಬಿಂಗ್ ಬರುವುದಿಲ್ಲ, ಬರೀ ಆಸ್ತಮಾದಿಂದಲೂ ಇಲ್ಲ. ಸಿಒಪಿಡಿ ಇದ್ದವರಲ್ಲಿ ಬೆರಳು ಊದಿತೆಂದರೆ ಶ್ವಾಸಕೋಶದ ಕ್ಯಾನ್ಸರ್, ಬ್ರಾಂಕಿಯೆಕ್ಟಾಸಿಸ್ (ಶ್ವಾಸನಾಳ ಹಿಗ್ಗುವುದು), ಫೈಬ್ರೋಸಿಸ್ (ಶ್ವಾಸಕೋಶ ಗಟ್ಟಿಯಾಗುವುದು) ಇವೆಯೇ ಎಂದು ಹುಡುಕಲೇಬೇಕು. ಹೃದಯ, ಲಿವರ್, ಕರುಳಿನ ಕಾಯಿಲೆಯಲ್ಲೂ ಹೀಗಾಗಬಹುದು. ಕೆಲವು ಮನೆತನಗಳಲ್ಲಿ ವಂಶದಿಂದಲೇ ಬರುತ್ತದೆ, ಆಗ ಭಯವಿಲ್ಲ.

‘ಸೇದದವರಿಗೆ ಈ ಚಿಂತೆಯಿಲ್ಲ.’ ಜೆ.ಪಿ. ನಗರದ ಅಪಾರ್ಟ್‌ಮೆಂಟುಗಳ ಬಾಲ್ಕನಿ ನೋಡಿ: ಒಂದು ಮನೆಯವರು ಪಾರಿವಾಳಕ್ಕೆ ಬಲೆ ಕಟ್ಟುತ್ತಾರೆ, ಇನ್ನೊಂದು ಮನೆಯವರು ಪುಣ್ಯವೆಂದು ಕಾಳು ಹಾಕುತ್ತಾರೆ. ಒಣಗಿದ ಹಿಕ್ಕೆ, ಪುಕ್ಕದ ಧೂಳನ್ನು ವರ್ಷಗಳ ಕಾಲ ಉಸಿರಾಡಿದರೆ ಕೆಲವರಲ್ಲಿ ಅಲರ್ಜಿಯಿಂದ ಶ್ವಾಸಕೋಶ ಊದಿ, ಕೊನೆಗೆ ಗಟ್ಟಿಯಾಗುತ್ತದೆ. ಆ ಹಂತದಲ್ಲಿ ಬೆರಳೂ ಬದಲಾಗಬಹುದು. ಈ ಪುಣ್ಯ ನನಗಂತೂ ಬೇಡ.

ಇನ್ನು ಬಣ್ಣದ ಮಾತು. ಡಿಸೆಂಬರಿನ ಚಳಿಗೆ ಉಗುರು ನೀಲಿಯಾಗುವುದುಂಟು; ಕೈ ಉಜ್ಜಿದರೆ ಸರಿಹೋಗುತ್ತದೆ. ನಾಲಿಗೆಯೂ ನೀಲಿಯಾಗಿದ್ದರೆ ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗಿದೆ, ತಡಮಾಡಬೇಡಿ. ಹಾಗೆಂದು ನೀಲಿಯಿಲ್ಲ ಅಂದಮಾತ್ರಕ್ಕೆ ನಿಶ್ಚಿಂತೆ ಬೇಡ. ರಕ್ತಹೀನತೆ ಇದ್ದವರಲ್ಲಿ ಆಮ್ಲಜನಕ ಇಳಿದರೂ ನೀಲಿ ಕಾಣದೆ ಹೋಗಬಹುದು, ಕಪ್ಪು ಚರ್ಮದವರಲ್ಲಿ ಆಕ್ಸಿಮೀಟರೇ ಕೊಂಚ ಹೆಚ್ಚು ತೋರಿಸಬಹುದು.

ಬೆರಳು ಇತ್ತೀಚೆಗೆ ಬದಲಾಗಿದ್ದರೆ ಎದೆಯ ಎಕ್ಸ್‌ರೇ ಮಾಡಿಸಿ. ಬಿಟಿಎಂ, ಜಯನಗರದವರಿಗೆ ನಿಮ್ಹಾನ್ಸ್ ಹತ್ತಿರವೇ ಸರ್ಕಾರದ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯಿದೆ. ಹೋಗುವಾಗ ನೇಲ್ ಪಾಲಿಶ್ ಅಳಿಸಿಕೊಂಡು ಹೋಗಿ.