ತಾರಸಿಯ ಹಸಿರು ಗೋಡೆ: ಹೊರೆ, ನೀರು ಮತ್ತು ತೆರಿಗೆ ಲೆಕ್ಕ

ಕಚೇರಿ ಕಟ್ಟಡದ ತಾರಸಿಯ ಮೇಲೆ ಚೌಕಟ್ಟು ನಿಲ್ಲಿಸಿ, ಅದರಲ್ಲಿ ಸಾಲುಸಾಲಾಗಿ ಕುಂಡಗಳನ್ನು ಅಳವಡಿಸಿ ಸಸ್ಯಗಳ ಗೋಡೆ ಬೆಳೆಸುವುದು ಬೆಂಗಳೂರಿನಲ್ಲಿ ಈಗ ಅಪರೂಪವಲ್ಲ. ಫ್ರಾನ್ಸಿನ ಸಸ್ಯವಿಜ್ಞಾನಿ ಪ್ಯಾಟ್ರಿಕ್ ಬ್ಲಾಂಕ್ ಜನಪ್ರಿಯಗೊಳಿಸಿದ ಈ ಪದ್ಧತಿ ಸಣ್ಣ ಉದ್ದಿಮೆಗಳ ಆಡಳಿತ ಕಚೇರಿಗಳಿಗೂ ಬಂದಿದೆ. ಗುತ್ತಿಗೆದಾರರು ಚದರ ಅಡಿಗೆ ಇಷ್ಟೆಂದು ದರಪಟ್ಟಿ ಕೊಡುತ್ತಾರೆ. ಆ ದರಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣಿಸದ ಮೂರು ಸಂಗತಿಗಳೆಂದರೆ ಹೊರೆ, ನೀರು ಮತ್ತು ತೆರಿಗೆ.

ಆರು ಮೀಟರ್ ಉದ್ದ, ಮೂರು ಮೀಟರ್ ಎತ್ತರದ ಗೋಡೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ವಿಸ್ತೀರ್ಣ 18 ಚದರ ಮೀಟರ್. ನೀರುಂಡ ಕುಂಡ, ಗಿಡ ಹಾಗೂ ಚೌಕಟ್ಟು ಸೇರಿ ಚದರ ಮೀಟರಿಗೆ 60 ಕಿಲೋಗ್ರಾಂ ಎಂದು ಹಿಡಿದರೂ ಒಟ್ಟು ತೂಕ 1,080 ಕಿಲೋಗ್ರಾಂ ಆಗುತ್ತದೆ. ಅರ್ಧ ಮೀಟರ್ ಅಗಲದ ಪಟ್ಟಿಯ ಮೇಲೆ ಇದು ಕುಳಿತರೆ ಚದರ ಮೀಟರಿಗೆ ಬೀಳುವ ಹೊರೆ 360 ಕಿಲೋಗ್ರಾಂ. ಜನರು ಓಡಾಡುವ ತಾರಸಿಗೆ ಭಾರತೀಯ ಮಾನಕ 875 ವಿಧಿಸುವ ಚರ ಹೊರೆಯಾದರೋ ಸುಮಾರು 150 ಕಿಲೋಗ್ರಾಂ ಮಾತ್ರ. ಆದುದರಿಂದ ಗೋಡೆಯನ್ನು ಚಪ್ಪಡಿಯ ನಡುವೆ ನಿಲ್ಲಿಸದೆ ತೊಲೆ, ಕಂಬಗಳ ನೇರಕ್ಕೆ ತರಬೇಕಾಗುತ್ತದೆ.

ಭಾರಕ್ಕಿಂತಲೂ ಗಾಳಿಯೇ ಹೆಚ್ಚು ಅಪಾಯಕಾರಿ. ಅದೇ ಮಾನಕದ ಮೂರನೆಯ ಭಾಗದ ಪ್ರಕಾರ ಬೆಂಗಳೂರಿನ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿನಲ್ಲಿ 39. ಮೂವತ್ತಮೂರು ಮೀಟರ್ ವೇಗದ ಗಾಳಿ ಚದರ ಮೀಟರಿಗೆ ಸುಮಾರು 65 ಕಿಲೋಗ್ರಾಂ ಒತ್ತಡ ಹಾಕುತ್ತದೆ. ಮೇಲಿನ ಗೋಡೆಗೆ ಅದು 1,170 ಕಿಲೋಗ್ರಾಂ ಅಡ್ಡ ತಳ್ಳಾಟ. ಕಟ್ಟಡದ ಎತ್ತರದ ಗುಣಾಂಕಗಳು ಇದಕ್ಕೆ ಇನ್ನೂ ಸೇರಬೇಕು. ಸಸ್ಯಗೋಡೆ ಹಡಗಿನ ಹಾಯಿಯಂತೆ ಗಾಳಿ ಹಿಡಿಯುತ್ತದೆ. ಕೆಳಗೆ ರಸ್ತೆಯಿದ್ದರೆ ಕಳಚಿ ಬಿದ್ದ ಚೌಕಟ್ಟಿನ ಹೊಣೆ ಯಾರದೆಂಬುದನ್ನು ಹೇಳಬೇಕಾಗಿಲ್ಲ. ರಚನಾ ಎಂಜಿನಿಯರರ ಲಿಖಿತ ಪ್ರಮಾಣಪತ್ರಕ್ಕೆ ತೆರುವ ಶುಲ್ಕ ಇಲ್ಲಿ ದುಂದು ಅಲ್ಲ. ಬೋಲ್ಟಿಗಾಗಿ ತಾರಸಿಯಲ್ಲಿ ಕೊರೆದ ಪ್ರತಿ ರಂಧ್ರವೂ ನೀರುನಿರೋಧಕ ಪದರವನ್ನು ಸೀಳುವುದರಿಂದ, ಸಾಧ್ಯವಿದ್ದಲ್ಲಿ ಚೌಕಟ್ಟನ್ನು ಮೆಟ್ಟಿಲ ಕೋಣೆಯ ಗೋಡೆಗೆ ಬಿಗಿಯುವುದು ಲೇಸು.

ಬೇಸಿಗೆಯಲ್ಲಿ ಚದರ ಮೀಟರಿಗೆ ಐದು ಲೀಟರ್ ಎಂದರೂ ದಿನಕ್ಕೆ 90 ಲೀಟರ್ ನೀರು ಬೇಕು. 2024ರ ಮಾರ್ಚಿಯಲ್ಲಿ ಬೆಂಗಳೂರು ಜಲಮಂಡಳಿಯು ಕೈತೋಟಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಿದ್ದನ್ನು ಸದಸ್ಯರು ಮರೆತಿರಲಾರರು. ಸಂಸ್ಕರಿಸಿದ ನೀರು ಅಥವಾ ಮಳೆನೀರಿನ ತೊಟ್ಟಿಯ ವ್ಯವಸ್ಥೆ ಮೊದಲೇ ಇರಬೇಕು. ಗಡಸು ಕೊಳವೆಬಾವಿ ನೀರು ಹನಿ ನೀರಾವರಿಯ ತೂತುಗಳನ್ನು ಬೇಗ ಮುಚ್ಚುತ್ತದೆ. ತೆಂಗಿನ ನಾರಿನ ಪುಡಿ ತುಂಬಿದ ಸಣ್ಣ ಕುಂಡಗಳಲ್ಲಿ ದಾಸ್ತಾನು ಕಡಿಮೆ. ಏಪ್ರಿಲಿನಲ್ಲಿ ಎರಡು ದಿನ ಪಂಪು ಕೆಟ್ಟರೆ ಗಿಡಗಳು ಉಳಿಯುವುದು ಕಷ್ಟ. ಪಶ್ಚಿಮದ ಬಿಸಿಲಿಗೆ ರಿಯೋ, ದೊಡ್ಡಪತ್ರೆಯಂಥವು ತಾಳುತ್ತವೆ. ಮನಿಪ್ಲಾಂಟ್, ಜರೀಗಿಡಗಳು ನೆರಳಿನ ಕಡೆಗೆ ಸರಿ.

ಇನ್ನು ತೆರಿಗೆ. ಗುತ್ತಿಗೆದಾರರಿಂದ ಒಂದೇ ಮೊತ್ತದ ಬಿಲ್ಲು ಪಡೆಯುವುದು ಸಾಮಾನ್ಯವಾಗಿ ಕಾಣುವ ತಪ್ಪು. ಸಜೀವ ಸಸ್ಯಗಳಿಗೆ ಜಿ.ಎಸ್.ಟಿ. ಶೂನ್ಯ ದರ, ಅವನ್ನು ಚೌಕಟ್ಟು, ಕೆಲಸಗಳೊಡನೆ ಒಂದೇ ಗುತ್ತಿಗೆಯಾಗಿ ಕಟ್ಟಿದರೆ ಇಡೀ ಮೊತ್ತಕ್ಕೆ ತೆರಿಗೆ ಬೀಳಬಹುದು. ಕಟ್ಟಡಕ್ಕೆ ಸೇರ್ಪಡೆಯೆಂದು ಬಂಡವಾಳ ವೆಚ್ಚದಲ್ಲಿ ತೋರಿಸಿದ ಭಾಗಕ್ಕೆ ಕಲಂ 17(5)ರಂತೆ ಹೂಡುವಳಿ ತೆರಿಗೆ ಜಮೆ ದೊರೆಯದು. 2024ರ ಅಕ್ಟೋಬರಿನ ಸಫಾರಿ ರಿಟ್ರೀಟ್ಸ್ ತೀರ್ಪು ಕಟ್ಟಡವನ್ನೇ 'ಪ್ಲಾಂಟ್' ಎನ್ನಬಹುದಾದ ಸಣ್ಣ ಕಿಂಡಿಯೊಂದನ್ನು ತೆರೆದಿತ್ತು. 2025ರ ಹಣಕಾಸು ಕಾಯಿದೆಯು 'ಪ್ಲಾಂಟ್ ಅಥವಾ ಮೆಷಿನರಿ' ಎಂಬಲ್ಲಿನ 'ಅಥವಾ'ವನ್ನು 'ಮತ್ತು' ಎಂದು 2017ರ ಜುಲೈ 1ರಿಂದಲೇ ಪೂರ್ವಾನ್ವಯವಾಗಿ ಬದಲಿಸಿ ಅದನ್ನು ಮುಚ್ಚಿತು. ಬೋಲ್ಟು ಬಿಚ್ಚಿ ಹಾನಿಯಿಲ್ಲದೆ ಸಾಗಿಸಬಲ್ಲ ಚೌಕಟ್ಟು ಚರ ಸ್ವತ್ತು ಎಂಬ ವಾದಕ್ಕೆ ಮಾತ್ರ ಎಡೆಯಿದೆ. 2024ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಹಳೆಯ ಸೆನ್‌ವ್ಯಾಟ್ ಪದ್ಧತಿಯಡಿ ಮೊಬೈಲ್ ಗೋಪುರಗಳ ವಿಷಯದಲ್ಲಿ ಇಂಥದೇ ತರ್ಕವನ್ನು ಒಪ್ಪಿತು. ಜಮೆ ಪಡೆದ ತೆರಿಗೆಯ ಮೊತ್ತದ ಮೇಲೆ ಸವಕಳಿಯನ್ನೂ ಕೇಳುವಂತಿಲ್ಲ.

ಆದಾಯ ತೆರಿಗೆಯಲ್ಲಿ ಕಟ್ಟಡದ ಭಾಗವಾದ ಚೌಕಟ್ಟಿಗೆ ಶೇ. 10, ಪಂಪು ಮತ್ತು ಟೈಮರಿಗೆ ಶೇ. 15 ಸವಕಳಿ. ಗಿಡ ಬದಲಿಸುವುದು ಹಾಗೂ ಮಾಲಿಯ ಕೂಲಿ ವರ್ಷದ ಖರ್ಚು. 'ಪ್ಲಾಂಟ್' ಎಂಬ ಇಂಗ್ಲಿಷ್ ಪದಕ್ಕೆ ಗಿಡವೆಂಬ ಅರ್ಥವೂ ಇರುವುದನ್ನು ನೆನೆದೋ ಏನೋ, 1961ರ ಕಾಯಿದೆಯು ತನ್ನ ವ್ಯಾಖ್ಯೆಯಿಂದ ಚಹಾ ಗಿಡಗಳನ್ನು ಹೆಸರಿಸಿಯೇ ಹೊರಗಿಟ್ಟಿತ್ತು.

ಬಾಡಿಗೆ ಕಟ್ಟಡದಲ್ಲಿರುವವರ ಸ್ಥಿತಿ ಸ್ವಲ್ಪ ಬೇರೆ. ಬಾಡಿಗೆದಾರರು ಕಟ್ಟಡಕ್ಕೆ ಮಾಡಿದ ಬಂಡವಾಳ ವೆಚ್ಚದ ಮೇಲೂ ಸವಕಳಿ ಸಿಗುತ್ತದೆ. ಆದರೆ ಸ್ವತ್ತು ವರ್ಗಾವಣೆ ಕಾಯಿದೆಯ ಕಲಂ 108ರಂತೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ತಾವು ಜೋಡಿಸಿದ್ದನ್ನು ಸ್ವಾಧೀನ ತಮ್ಮಲ್ಲಿರುವಾಗಲೇ ತೆಗೆದುಕೊಳ್ಳಬೇಕು, ಬೀಗದ ಕೈ ಕೊಟ್ಟ ಮೇಲೆ ಅಲ್ಲ. ತಾರಸಿಯ ಬಳಕೆಯ ಹಕ್ಕು ತಮಗಿದೆಯೇ ಎಂಬುದನ್ನೂ ಕರಾರಿನಲ್ಲಿ ನೋಡಿಕೊಳ್ಳಬೇಕು. ಎಷ್ಟೋ ಕರಾರುಗಳಲ್ಲಿ ತಾರಸಿಯ ಪ್ರಸ್ತಾಪವೇ ಇರುವುದಿಲ್ಲ.

ಸ್ವತ್ತು 180 ದಿನಗಳಿಗಿಂತ ಕಡಿಮೆ ಬಳಕೆಯಾದ ವರ್ಷ ಅರ್ಧ ಸವಕಳಿ ಮಾತ್ರ. ಜೂನ್ ಮಳೆಗೆ ನೆಟ್ಟು ಅಕ್ಟೋಬರ್ 3ರೊಳಗೆ ಕೆಲಸ ಮುಗಿಸಿದರೆ ಗಿಡಕ್ಕೂ ಲೆಕ್ಕಪುಸ್ತಕಕ್ಕೂ ಒಂದೇ ಮುಹೂರ್ತ ಸಲ್ಲುತ್ತದೆ.