ವಾರ್ನಿಶಿನ ಹೊಳಪು, ಬಣ್ಣದ ಬಾಳಿಕೆ

ಮಂಗಳೂರಿನ ವಾಮಂಜೂರು ಪೇಟೆ ದಾಟಿ ಮೂಡುಬಿದಿರೆ ರಸ್ತೆಯ ಇಳಿಜಾರು ಹಿಡಿದರೆ ಲಾರಿಗಳ ಹೊಗೆ ಹಿಂದುಳಿದು, ಒದ್ದೆ ಮಣ್ಣು ಮತ್ತು ನೆನೆದ ತೆಂಗಿನ ಸಿಪ್ಪೆಯ ವಾಸನೆ ಎದುರಾಗುತ್ತದೆ. ಗುರುಪುರ ಸೇತುವೆಯ ಕೆಳಗೆ ಫಲ್ಗುಣಿ ಹರಿಯುತ್ತಾಳೆ. ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ, ಈ ಹೊಳೆಯ ದಡದಲ್ಲೆಲ್ಲಾದರೂ ತೆಂಗಿನ ನೆರಳಲ್ಲಿ ಕವುಚಿ ಹಾಕಿದ ಮರದ ದೋಣಿ ಕಂಡರೆ ಸ್ವಲ್ಪ ನಿಲ್ಲಿ. ಫೈಬರ್ ದೋಣಿಗಳ ಕಾಲದಲ್ಲಿ ಇಂಥ ನೋಟ ಅಪರೂಪ.

ಅದರ ಮೈಮೇಲೆ ಉಪ್ಪು ಕಾಗದ ಕರಕರನೆ ಓಡುತ್ತಿರುತ್ತದೆ. ಹಳೆಯ ಬಣ್ಣದ ಪುಡಿ ಹಾರಿಹೋದಂತೆ ಕೆಳಗಿನ ಹೆಬ್ಬಲಸಿನ ಹೊಂಬಣ್ಣ ಇಣುಕುತ್ತದೆ, ಎಳೆಗಳು ಒಂದೊಂದಾಗಿ ಕಾಣುತ್ತವೆ. ಇಷ್ಟು ಚಂದದ ಮರವನ್ನು ಮತ್ತೆ ಬಣ್ಣದಡಿ ಮುಚ್ಚುವುದೇ ಎಂದು ನೋಡುವವರಿಗೆ ಅನ್ನಿಸುತ್ತದೆ. ವಾರ್ನಿಶ್ ಹೊಡೆದರೆ ಈ ಎಳೆಗಳೆಲ್ಲ ಜೇನು ಸವರಿದ ಹಾಗೆ ಮಿನುಗುತ್ತವೆ. "ಚಂದ ಉಂಟು ಮಾರಾಯ್ರೆ, ನೋಡಿಕೊಳ್ಳುವವರು ಯಾರು?" ಎಂಬುದು ಕೆಲಸ ಬಲ್ಲವರ ಪ್ರಶ್ನೆ.

ಆ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ವಾರ್ನಿಶ್ ಪಾರದರ್ಶಕ, ನಮ್ಮ ಕಣ್ಣಿನಂತೆ ಬಿಸಿಲೂ ಅದರ ಮೂಲಕ ಮರವನ್ನು ಮುಟ್ಟುತ್ತದೆ. ಅತಿನೇರಳೆ ಕಿರಣಗಳು ಮರದ ನಾರುಗಳನ್ನು ಬಿಗಿದಿಟ್ಟಿರುವ ಲಿಗ್ನಿನ್ನನ್ನು ಒಡೆದಂತೆ ಮೇಲಿನ ಪದರದ ಹಿಡಿತ ಸಡಿಲವಾಗುತ್ತದೆ. ಒಂದು ಬಿರುಕು ಸಾಕು, ನೀರು ಒಳನುಗ್ಗಿ ಮರ ಕಪ್ಪಾಗಿ, ವಾರ್ನಿಶ್ ಸಿಪ್ಪೆಯಾಗಿ ಏಳುತ್ತದೆ. ಹಾಗಾಗದಿರಲು ಆರೆಂಟು ಕೈ ಹೊಡೆಯಬೇಕು, ಪ್ರತಿ ಕೈ ಒಣಗಿದ ಮೇಲೂ ತಿಕ್ಕಬೇಕು, ವರ್ಷಕ್ಕೊಮ್ಮೆಯಾದರೂ ಹೊಸ ಕೈ ಕೊಡಬೇಕು. ಇಬ್ಬನಿ ಆರುವ ಮೊದಲೇ ಅವಸರಪಟ್ಟರೆ ಹೊಳಪಿನ ಬದಲು ಬಿಳಿ ಮಸುಕು ಕೂರುತ್ತದೆ.

ಬಣ್ಣದ ಡಬ್ಬಿಯಲ್ಲಿರುವ ಪುಡಿಯಾದರೋ ಬಿಸಿಲಿಗೆ ಅಡ್ಡ ನಿಲ್ಲುತ್ತದೆ. ಒಂದು ಕೈ ಪ್ರೈಮರ್, ಮೇಲೆ ಎರಡು ಕೈ ಪೇಂಟ್ ಬಿದ್ದರೆ ಕೆಲವು ವರ್ಷ ನಿಶ್ಚಿಂತೆ. ವರ್ಷಕ್ಕೆ 3,500 ಮಿಲಿಮೀಟರ್ ದಾಟುವ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿಯುವ ಮಂಗಳೂರಿನಲ್ಲಿ ಈ ನಿಶ್ಚಿಂತೆಗೆ ಬೆಲೆಯುಂಟು. ಆದರೆ ಬಣ್ಣಕ್ಕೂ ಒಂದು ದೋಷವಿದೆ: ಒಳಗೆ ಮರ ಕೊಳೆಯುತ್ತಿದ್ದರೂ ಹೊರಗೆ ಗೊತ್ತಾಗಗೊಡುವುದಿಲ್ಲ. ವಾರ್ನಿಶ್ ಹೊಡೆದ ಹಲಗೆ ತನ್ನ ಕಾಯಿಲೆಯನ್ನು ಕಪ್ಪು ಕಲೆಯಾಗಿ ತಾನೇ ತೋರಿಸಿಬಿಡುತ್ತದೆ.

ಹಿಂದಿನವರಿಗೆ ಎರಡರ ಗೊಡವೆಯೂ ಇರಲಿಲ್ಲ. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹೊಳೆದಡಗಳಲ್ಲಿ ಕಾರ್ಖಾನೆಗಳು ಸಾಲಾಗಿ ಎದ್ದವು. ಮಣ್ಣು, ಹೆಂಚು ಹೊತ್ತು ಓಡಾಡಿದ್ದು ಮರದ ದೋಣಿಗಳೇ. ಹಳೆಬಂದರಿನ ಹಾಯಿ ಕಟ್ಟಿದ ಮಂಜಿ ಎಂಬ ದೊಡ್ಡ ದೋಣಿಗಳು ಲಕ್ಷದ್ವೀಪದವರೆಗೆ ಸರಕು ಸಾಗಿಸಿದವು. ಕರಾವಳಿಯ ಇಂಥ ದೋಣಿಗಳ ಮೈಗೆ ಬಣ್ಣ, ವಾರ್ನಿಶಿನ ಬದಲು ಮೀನೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ಉಣಿಸುತ್ತಿದ್ದರು. ಮೂಗು ಮುಚ್ಚಿಸುವ ಮೀನೆಣ್ಣೆ, ಕೈ ಸುಡುವ ಗೇರೆಣ್ಣೆ; ಆದರೆ ಮರದೊಳಕ್ಕೆ ಇಳಿಯುವ ಎಣ್ಣೆ ಪದರವಾಗಿ ಏಳುವುದಿಲ್ಲ, ಗೇರೆಣ್ಣೆ ಕುಡಿದ ಮರಕ್ಕೆ ಹುಳು ಬೇಗ ಬಾಯಿ ಹಾಕುವುದಿಲ್ಲ.

ಈಗ ಮರದ ದೋಣಿ ಇಟ್ಟುಕೊಂಡವರಿಗೆ ಹೇಳುವುದಿಷ್ಟೇ: ಬಿಸಿಲು ಮಳೆಗೆ ಒಡ್ಡಿಕೊಂಡ ಮೈಗೆಲ್ಲ ಬಣ್ಣ ಬಳಿಯಿರಿ. ಚುಕ್ಕಾಣಿಯ ಹಿಡಿ, ಹುಟ್ಟಿನಂಥ ಬಿಚ್ಚಿ ಒಳಗಿಡಬಹುದಾದ ತುಂಡುಗಳಿಗೆ ಮಾತ್ರ ವಾರ್ನಿಶ್ ಸಾಕು. ಯಾವುದೇ ಆಗಲಿ, ಮರ ಚೆನ್ನಾಗಿ ಒಣಗದೆ ಡಬ್ಬಿ ಬಿಚ್ಚಬೇಡಿ.